ಜುಸಾರಾಳ ಹುಂಜ

2013ನೇ ಇಸವಿ ಸೆಪ್ಟೆಂಬರ್ ಎಂಟು, ಆದಿತ್ಯವಾರ, ತೆನೆ ಹಬ್ಬದ ದಿನ ಸಂಜೆ ಏಳು ಗಂಟೆಗೆ ಜುಸಾರಾ ನಮ್ಮ ಮನೆಗೆ ಬಂದಳು. ದುಬಾಯಿಯಲ್ಲಿ ಆದಿತ್ಯವಾರ ಕೆಲಸದ ದಿನ. ಮಗ ಆನ್ಸೆಲ್ಮ್ ಹೋಟೆಲಿನಿಂದ, ಸೊಸೆ ಪ್ಯಾಟ್ರಿಶಿಯಾ ಆಸ್ಪತ್ರೆಯ ಡ್ಯೂಟಿಯಿಂದ ಬಂದ ಮೇಲೆಯೇ ನಮಗೆ ಹಬ್ಬ. ಶುಕ್ರವಾರ ಜೆಬೆಲ್ ಅಲಿಯ ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಕೊಟ್ಟ ತೆನೆಯಿಂದ ಏಳು ಕಾಳು ಸುಲಿದು, ಕುಟ್ಟಿ, ತೆಂಗಿನ ಹಾಲಿಗೆ ಹಾಕಿ ಇಟ್ಟಿದ್ದೆ. ಪಲ್ಯ, ಸಾರು, ಪಾಯಸ ಎಲ್ಲ ಸೇರಿ ಐದು ಬಗೆ. ಈ ಹಬ್ಬದ ಅಡುಗೆ ಬೆಸ ಸಂಖ್ಯೆಯಲ್ಲಿರಬೇಕು, ಮೀನು ಮಾಂಸ ಕೂಡದು. ಹೊಸ ಅಕ್ಕಿಯ ಹಾಲು ಹಂಚುವ ಹೊತ್ತಿಗೆ ಬಾಗಿಲ ಒಳಗೆ ಯಾರಿದ್ದಾರೋ ಅವರೆಲ್ಲ ಮನೆಯವರೇ. ಒಬ್ಬರನ್ನು ಬಿಟ್ಟರೂ ಆಗದು.

ಹಂಚಲು ಕುಳಿತಾಗಲೇ ಬೆಲ್ ಆಯಿತು. ಆನ್ಸೆಲ್ಮ್ ಬಾಗಿಲು ತೆಗೆದ. ಎತ್ತರದ ಹೆಂಗಸು, ನಮ್ಮದೇ ಕಡೆಯವರ ಬಣ್ಣ, ಗುಂಗುರು ಕೂದಲು, ಒಂದು ಕೈಯಲ್ಲಿ ಗಿಟಾರಿನ ಚೀಲ, ಇನ್ನೊಂದರಲ್ಲಿ ಸೂಟ್‌ಕೇಸು. ವಯಸ್ಸು ನಲವತ್ತರ ಮೇಲೆ ಒಂದು ಎಂದು ಆಮೇಲೆ ತಿಳಿಯಿತು.

"ಮಾಂಯ್, ಪಾರ್ಟಿಷನ್‌ಗೆ ಬಾಡಿಗೆಗೆ ಬರುವವರು ಇವರೇ. ನಮ್ಮ ಹೋಟೆಲಲ್ಲಿ ಹಾಡುದು. ಬ್ರೆಜಿಲ್‌ನವರು," ಎಂದ ಆನ್ಸೆಲ್ಮ್.

ಆ ಹೆಂಗಸು ಸೂಟ್‌ಕೇಸು ಬಿಟ್ಟು ನನ್ನನ್ನೇ ನೋಡಿದಳು. "ಮಾಂಯ್?" ಎಂದಳು. ಮೂಗಿನಿಂದ ಬರುವ ಆ ಕೊನೆಯ ಸ್ವರವೂ ಸರಿಯಾಗಿ ನಮ್ಮ ಹಾಗೆಯೇ. ಅವರ ಭಾಷೆಯಲ್ಲಿಯೂ ತಾಯಿಗೆ ಅದೇ ಶಬ್ದವಂತೆ.

ನಾನು ಮೊಮ್ಮಗಳು ಜೋಯ್ಲಿನ್‌ಗೆ, "ಇನ್ನೊಂದು ಕುಲೇರ್ ತಾ," ಎಂದೆ. ಕುಲೇರ್ ಎಂದರೆ ಚಮಚ. ಆ ಹೆಂಗಸು ಮತ್ತೆ ನಿಂತಳು. "ಕುಲೇರ್?" ಎಂದು ನಕ್ಕಳು. ಆಮೇಲೆ ನಮ್ಮ ಚಿಕ್ಕ ಮನೆಯೊಳಗೆಲ್ಲ ಸುತ್ತಿ ಒಂದೊಂದನ್ನೇ ಮುಟ್ಟಿ ಹೇಳಿದಳು. ಮೇಜು, ಚಾವಿ, ಬಾಲ್ದಿ, ಜನೆಲ್. ಎಲ್ಲವೂ ಸ್ವಲ್ಪ ಆಚೆ ಈಚೆ, ಆದರೆ ಒಂದೇ. ಹಳೆಯ ಕಾಲದಲ್ಲಿ ಹಡಗಿನಲ್ಲಿ ಬಂದವರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದ ಶಬ್ದಗಳು, ಅವಳ ಊರಿನಲ್ಲಿಯೂ ಅವರೇ ಬಿಟ್ಟದ್ದು ಎಂದು ಆನ್ಸೆಲ್ಮ್ ವಿವರಿಸಿದ.

"ಇನ್ನು ಮಾಂಯ್‌ಗೆ ಮಾತಾಡ್ಲಿಕ್ಕೆ ಜನ ಸಿಕ್ಕಿತು. ನಮ್ಮ ಕಿವಿಗೆ ರಜೆ," ಎಂದಳು ಪ್ಯಾಟ್ರಿಶಿಯಾ.

ಹೊಸ ಅಕ್ಕಿಯ ಹಾಲು ಆ ದಿನ ಐದು ಜನಕ್ಕೆ ಹಂಚಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಶಂಕರಪುರದ ಕನ್ನಡ ಶಾಲೆ. ಮನೆಮಾತು ಕೊಂಕಣಿ ಆದರೂ ಬರೆಯಲು ಬರುವುದು ಕನ್ನಡ ಅಕ್ಷರ ಮಾತ್ರ. ಮದುವೆಗೆ ಮುಂಚೆಯೂ ಆಮೇಲೂ ನನ್ನ ಕೆಲಸ ಮಲ್ಲಿಗೆ ಕಟ್ಟುವುದು. ಒಂದು ಚೆಂಡಿಗೆ ಎಂಟುನೂರು ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಣಿಕೆ ತಪ್ಪಿದರೆ ಅಂಗಡಿಯವರು ಮಾಲೆ ಬಿಚ್ಚಿಸುತ್ತಿದ್ದರು. ಆದ್ದರಿಂದ ತಾರೀಕು, ಲೆಕ್ಕ, ಯಾರು ಯಾವಾಗ ಏನು ಹೇಳಿದರು ಎಂಬುದು ನನಗೆ ತಪ್ಪುವುದಿಲ್ಲ. ಜುಸಾರಾ ಹೇಳಿದ್ದನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಹಾಕಿದ್ದೇನೆ. ಅವಳ ಭಾಷೆ, ನನ್ನ ಭಾಷೆ, ಸ್ವಲ್ಪ ಹಿಂದಿ, ಸ್ವಲ್ಪ ಇಂಗ್ಲಿಷು, ಉಳಿದದ್ದು ಕೈಸನ್ನೆ. ನಮ್ಮ ಮಾತು ಹಾಗಿತ್ತು.

ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಗೆ ಮಲಗುವ ಕೋಣೆ ಒಂದೇ. ಅದು ಆನ್ಸೆಲ್ಮ್ ಮತ್ತು ಪ್ಯಾಟ್ರಿಶಿಯಾಗೆ. ಮುಂದಿನ ಕೋಣೆಗೆ ಅಡ್ಡ ಪ್ಲೈವುಡ್ ಹಲಗೆ ಹಾಕಿ ಎರಡು ಮಾಡಿದ್ದರು. ಕಿಟಕಿ ಇರುವ ಕಡೆ ಜುಸಾರಾ, ಬಾಗಿಲಿನ ಕಡೆ ನಾನು ಮತ್ತು ಜೋಯ್ಲಿನ್. ಅವಳ ತಲೆಗೂ ನನ್ನ ತಲೆಗೂ ನಡುವೆ ಒಂದು ಹಲಗೆ. ಅವಳು ಮಗ್ಗುಲು ಬದಲಿಸಿದರೂ ನನಗೆ ಕೇಳುತ್ತಿತ್ತು.

ಹಗಲು ಹನ್ನೊಂದಕ್ಕೆ ಏಳುತ್ತಿದ್ದಳು. ಆನ್ಸೆಲ್ಮ್, ಪ್ಯಾಟ್ರಿಶಿಯಾ ಕೆಲಸಕ್ಕೆ, ಜೋಯ್ಲಿನ್ ಶಾಲೆಗೆ ಹೋಗಿ ಮನೆ ಖಾಲಿಯಾಗಿರುತ್ತಿತ್ತು. ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ನಾನು ಕೆಲಸ ಮಾಡುವುದನ್ನು ನೋಡುತ್ತ ತನ್ನ ಕಥೆ ಹೇಳುತ್ತಿದ್ದಳು. ದಿನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಎರಡು. ಅವಳ ಜೀವನ ನನಗೆ ಗೊತ್ತಾದದ್ದು ಹೀಗೆ, ಈರುಳ್ಳಿ ತೆಂಗಿನಕಾಯಿಗಳ ನಡುವೆ.

ಹುಟ್ಟಿದ್ದು ಸಮುದ್ರದ ಬದಿಯ ಇಲ್ಯೇವ್ಸ್ ಎಂಬ ಊರು. ಅಲ್ಲಿ ಕೊಕ್ಕೋ ಬೆಳೆ, ತೆಂಗು, ಗೇರು, ಮರಗೆಣಸು. ಅಪ್ಪ ಕೊಕ್ಕೋ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಅವಳು ಇಗರ್ಜಿಯಲ್ಲಿ ಹಾಡಲು ಕಲಿತಳು. ಹದಿನಾಲ್ಕನೇ ವಯಸ್ಸಿಗೆ ಮೊದಲ ಹಾಡು ಕಟ್ಟಿದಳು, ಅಪ್ಪನ ಬೆನ್ನಿನ ಮೇಲೆ. "ಬೆನ್ನಿನ ಮೇಲೆ ಹಾಡಾ?" ಎಂದು ನಾನು ಕೇಳಿದೆ. "ಹೌದು ಮಾಂಯ್, ಬೆನ್ನು ಮಾತಾಡುವುದಿಲ್ಲವಲ್ಲ, ಅದಕ್ಕೆ," ಎಂದಳು. ಇಪ್ಪತ್ತಮೂರಕ್ಕೆ ದೊಡ್ಡ ಪಟ್ಟಣಕ್ಕೆ ಹೋಗಿ ಒಂದು ಡಿಸ್ಕು ಮಾಡಿದಳು. ಅದರಲ್ಲಿ ಹತ್ತು ಹಾಡು, ಹತ್ತೂ ಅವಳೇ ಕಟ್ಟಿದ್ದು. ಒಂದನ್ನು ರೇಡಿಯೋದವರು ಒಂದು ಮಳೆಗಾಲ ಪೂರ್ತಿ ಹಾಕಿದರಂತೆ. ಬಸ್ಸಿನಲ್ಲಿ ಹೋಗುವಾಗ ಡ್ರೈವರನ ರೇಡಿಯೋದಿಂದ ತನ್ನ ಸ್ವರ ಬಂದು, ಯಾರೂ ಅವಳನ್ನು ಗುರುತಿಸದೆ, ಇಳಿಯುವ ಸ್ಟಾಪು ದಾಟಿಯೂ ಕುಳಿತೇ ಇದ್ದಳಂತೆ. ಮುಂದಿನ ವರ್ಷ ಡಿಸ್ಕಿನ ಕಂಪೆನಿ ಮುಚ್ಚಿತು.

ಅಲ್ಲಿಂದ ಪ್ರವಾಸದ ಹಡಗಿನಲ್ಲಿ ಹಾಡಿದಳು. ಆಮೇಲೆ ಮಕಾವ್, ಆಮೇಲೆ ಮಸ್ಕತ್, ಆಮೇಲೆ ಇಲ್ಲಿ. ಹೋಟೆಲಿನವರಿಗೆ ಅವಳ ಹಾಡು ಬೇಡ. ಯಾವ ಹಾಡು ಹಾಡಬೇಕೆಂದು ಪಟ್ಟಿ ಮಾಡಿ ಏಜೆಂಟನ ಕೈಯಲ್ಲಿ ಸಹಿ ಹಾಕಿಸುತ್ತಿದ್ದರು. ಬ್ರೆಜಿಲ್ ಎಂದ ಕೂಡಲೇ ಎಲ್ಲರೂ ಕೇಳುವ ಒಂದು ಸಮುದ್ರದಂಡೆಯ ಹಾಡು ಉಂಟಂತೆ. ಅದನ್ನು ಎಂಟು ವರ್ಷ ದಿನಕ್ಕೆ ಎರಡು ಸಲ ಹಾಡಿದ್ದಳು.

"ಎಂಟು ವರ್ಷದಲ್ಲಿ ನಿನ್ನದು ಒಂದೂ ಹಾಡ್ಲಿಲ್ವಾ?"

"ಜನರ ಮುಂದೆ ಒಂದೂ ಇಲ್ಲ."

ಏಜೆಂಟನ ಹೆಸರು ಲಿಯೋ. ಗೋವಾದವನು, ಮಾತು ಬೆಣ್ಣೆ. ಅವನು ಅವಳಿಗೆ ಮಾತು ಕೊಟ್ಟಿದ್ದ. 2015ರ ಫೆಬ್ರವರಿಯಲ್ಲಿ, ನಮ್ಮ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಮುಂಚೆ ಅವರಲ್ಲಿ ಕಾರ್ನಿವಲ್ ಎಂಬ ಹಬ್ಬ. ಆ ಶುಕ್ರವಾರ ಹೋಟೆಲಿನಲ್ಲಿ ದೊಡ್ಡ ಊಟ ಇಡುತ್ತಾರೆ, ಅಲ್ಲಿ ಅವಳದೇ ಒಂದು ಹಾಡು. ಆದರೆ ಅಲ್ಲಿವರೆಗೆ ಒಂದು ದಿನವೂ ರಜೆ ಮಾಡಬಾರದು. ಮೂರು ದಿನ ತಪ್ಪಿದರೆ ಬೇರೆ ಹುಡುಗಿ ಬರುತ್ತಾಳೆ, ವೀಸಾ ಖಲಾಸ್. ಇದನ್ನು ಅವಳು ನನಗೆ ಹೇಳಿದ್ದು 2014ರ ಜನವರಿಯಲ್ಲಿ. ಆ ಒಂದು ಹಾಡಿಗಾಗಿ ಅವಳು ಒಂದು ವರ್ಷ ಕಾದಳು. ಅವಳ ಆಸೆ ಅಷ್ಟೇ, ಒಂದು ಹಾಡು.

ಅದೇ ಜನವರಿಯಲ್ಲಿ ಅವಳ ಸ್ವರ ಕೆಟ್ಟಿತು.

ಶೀತವಾದರೆ ಸ್ವರ ಪೂರ್ತಿ ಕೂರುತ್ತದೆ. ಇದು ಹಾಗಲ್ಲ. ಮಾತು ಶುರುವಾಗುವಾಗ ಸರಿ, ಕೊನೆಯ ಅಕ್ಷರ ಮಾತ್ರ ಮೆಟ್ಟಿಲು ತಪ್ಪಿದ ಹಾಗೆ ಕೆಳಗೆ ಬೀಳುತ್ತಿತ್ತು. ಈ ಸದ್ದು ನನಗೆ ಗುರುತಿತ್ತು. ನನ್ನ ಗಂಡ ಸಿಪ್ರಿಯನ್ ಬಸ್ ಕಂಡಕ್ಟರ್. ಉಡುಪಿ ಕಡೆಯ ಊರುಗಳ ಹೆಸರು ಕೂಗಿ ಕೂಗಿ ಇಪ್ಪತ್ತೆರಡು ವರ್ಷ. 1995ರಲ್ಲಿ "ಕಟಪಾಡಿ" ಎನ್ನುವಾಗ ಕೊನೆಯ "ಡಿ" ಬರದೆ ಹೋಯಿತು. ಕೂಗುವ ಕೆಲಸ, ಸ್ವರ ಹೋಗುವುದು ಸಹಜ ಎಂದರು. ಶುಂಠಿ ಕೊಟ್ಟೆ, ಉಪ್ಪುನೀರು ಕೊಟ್ಟೆ, ಸೂಜಿ ಹಾಕಿಸಿದೆ. ಒಂಬತ್ತು ತಿಂಗಳಿಗೆ ಅನ್ನ ಇಳಿಯಲಿಲ್ಲ. ಮಣಿಪಾಲದಲ್ಲಿ ಗಂಟಲ ಕ್ಯಾನ್ಸರ್ ಎಂದರು. 1996ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಜುಸಾರಾ ಒಮ್ಮೆ ಕೇಳಿದ್ದಳು, ಗಂಡ ಹೇಗೆ ಹೋದದ್ದು ಎಂದು. "ಜ್ವರ," ಎಂದಿದ್ದೆ. ಹಾಡುವವಳ ಎದುರು ಆ ಮಾತು ಯಾಕೆ ಎಂದು ಹಾಗೆ ಹೇಳಿದೆ.

2014ರ ಮಾರ್ಚ್ ಹನ್ನೊಂದು, ಮಂಗಳವಾರ. ಗೋಡೆಯ ಕ್ಯಾಲೆಂಡರಿನಲ್ಲಿ ಜನವರಿಯಿಂದ ಅವಳ ಸ್ವರ ಮುರಿದ ದಿನಗಳಿಗೆ ಪೆನ್ಸಿಲಿನ ಚುಕ್ಕೆ ಇಡುತ್ತ ಬಂದಿದ್ದೆ. ಆ ದಿನ ಎಣಿಸಿದಾಗ ನಲವತ್ತಮೂರು. ಮಧ್ಯದಲ್ಲಿ ಬಿಡುವು ಇಲ್ಲ. ಇನ್ನು ಹೇಳಲೇಬೇಕು ಎಂದು ನಿಶ್ಚಯ ಮಾಡಿಕೊಂಡೆ. ಜೋಯ್ಲಿನ್‌ಳ ಹುಟ್ಟುಹಬ್ಬದ ಬಿರಿಯಾನಿಗೆಂದು ಎರಡು ಕಿಲೋ ಈರುಳ್ಳಿ ಹೆಚ್ಚುತ್ತಿದ್ದೆ, ಎರಡೂ ಕೈ ಅದರಲ್ಲೇ. ಅವಳು ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ನನಗೆ ಸಿಪ್ರಿಯನ್ ಕಣ್ಣ ಮುಂದೆ ಬಂದರು. ಕಣ್ಣಲ್ಲಿ ನೀರು ಬಂತು.

"ಏನು ಮಾಂಯ್?" ಎಂದಳು.

ಅವಳಿಗೆ ತಿಳಿಯಲಿ ಎಂದು ಒಂದೊಂದೇ ಶಬ್ದ ಹೇಳಿದೆ. "ಜುಸಾರಾ, ಗಳೊ ಸಮಾ ನಾ. ದೊಕ್ತೊರ್."

ನಮ್ಮಲ್ಲಿ ಗಳೊ ಎಂದರೆ ಗಂಟಲು. ಗಂಟಲು ಸರಿ ಇಲ್ಲ, ಡಾಕ್ಟರ ಹತ್ತಿರ ಹೋಗು. ಇಷ್ಟೇ ನಾನು ಹೇಳಿದ್ದು.

ಅವಳು ಲೋಟ ಕೆಳಗಿಟ್ಟು, ಹೊಟ್ಟೆ ಹಿಡಿದು ನಗಲು ಶುರು ಮಾಡಿದಳು. "ಗಾಲೊ? ಗಾಲೊಗೆ ಡಾಕ್ಟರಾ?" ಎರಡು ಕೈ ರೆಕ್ಕೆ ಮಾಡಿ, ಕುತ್ತಿಗೆ ಚಾಚಿ, "ಕೋಕೋರಿಕೋ!" ಎಂದು ಕೂಗಿದಳು. ಅವರಲ್ಲಿ ಗಾಲೊ ಎಂದರೆ ಹುಂಜ. ನಾನು ಈರುಳ್ಳಿ ಹೆಚ್ಚುತ್ತ, ಕಣ್ಣೀರು ಸುರಿಸುತ್ತ, ನಿನ್ನ ಹುಂಜಕ್ಕೆ ಸೌಖ್ಯವಿಲ್ಲ, ಡಾಕ್ಟರಿಗೆ ತೋರಿಸು ಎಂದ ಹಾಗೆ ಅವಳಿಗೆ ಕೇಳಿಸಿತ್ತು.

ಅವಳ ನಗು ನೋಡಿ ನನಗೂ ನಗು ಬಂತು. ಕೈ ತೊಳೆದು ಅವಳ ಗಂಟಲು ಮುಟ್ಟಿ ತೋರಿಸಿದ್ದರೆ ಆಗುತ್ತಿತ್ತು. ನಲ್ಲಿ ಎರಡು ಹೆಜ್ಜೆ ದೂರ ಇತ್ತು. ನಾನು ತೊಳೆಯಲಿಲ್ಲ. "ಈರುಳ್ಳಿ ಮಾರಾಯ್ತಿ, ಈರುಳ್ಳಿ," ಎಂದು ರವಿಕೆಯ ತೋಳಿಗೆ ಕಣ್ಣು ಒರಸಿಕೊಂಡೆ.

ಅಲ್ಲಿಂದ ಅದು ಮನೆಯ ತಮಾಷೆಯಾಯಿತು. ಬೆಳಿಗ್ಗೆ ಎದ್ದ ಕೂಡಲೇ ನಾನು, "ಹುಂಜ ಹೇಗುಂಟು?" ಎನ್ನುವುದು, ಅವಳು ರೆಕ್ಕೆ ಬಡಿದು, "ಹುಂಜ ಗಟ್ಟಿ, ಮಾಂಯ್!" ಎನ್ನುವುದು. ಜೋಯ್ಲಿನ್ ಶಾಲೆಯ ಪುಸ್ತಕದಲ್ಲೆಲ್ಲ ಹುಂಜ ಬಿಡಿಸಿದಳು. ಆನ್ಸೆಲ್ಮ್ ಜುಸಾರಾಳಿಗೆ ಮಣ್ಣಿನ ಹುಂಜವೊಂದನ್ನು ತಂದುಕೊಟ್ಟ. ತಮಾಷೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಪ್ರತಿ ದಿನ ಕೇಳುತ್ತಿದ್ದೆನಲ್ಲ, ವಿಚಾರಿಸಿದ ಹಾಗೆಯೇ ಆಯಿತಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಜೂನ್ ಕೊನೆಗೆ ರಂಜಾನ್ ಬಂತು. ರಂಜಾನಿನಲ್ಲಿ ಹೋಟೆಲುಗಳಲ್ಲಿ ಹಾಡು ಬಂದ್. ಒಂದು ತಿಂಗಳು ಅವಳು ಮನೆಯಲ್ಲೇ ಇದ್ದಳು. ಸ್ವರಕ್ಕೆ ವಿಶ್ರಾಂತಿ ಸಿಕ್ಕಿ ಸ್ವಲ್ಪ ತಿಳಿಯಾಯಿತು. ಇಪ್ಪತ್ತೊಂಬತ್ತು ದಿನದಲ್ಲಿ ಒಂಬತ್ತೇ ಚುಕ್ಕೆ. ನಾನು ಹೆದರಿದ್ದು ಸುಳ್ಳು ಎಂದು ಜಪಸರ ಹಿಡಿದು ಮೂರು ತೇರ್ಸ ಹೆಚ್ಚಿಗೆ ಹೇಳಿದೆ.

ಹಾಡು ಹುಟ್ಟಿದ್ದು ಆ ತಿಂಗಳಲ್ಲಿ. ಒಂದು ದಿನ ಅವಳು, "ಮಾಂಯ್, ನಿನ್ನ ಊರಿನ ಹಾಡು ಒಂದು ಹೇಳು," ಎಂದಳು. ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ರೋಸ್ ಎಂಬ ಶಾಸ್ತ್ರ ನಮ್ಮಲ್ಲಿ ಉಂಟು. ಅದಕ್ಕೆ ಹೆಂಗಸರು ವೊವಿ ಹಾಡುತ್ತಾರೆ. ನಮ್ಮ ವಾರ್ಡಿನಲ್ಲಿ ವೊವಿ ಎತ್ತುವವಳು ನಾನೇ ಇದ್ದೆ, ಗಂಡ ಇರುವವರೆಗೆ. ವಿಧವೆ ರೋಸಿನಲ್ಲಿ ಮುಂದೆ ನಿಂತು ವೊವಿ ಎತ್ತುವ ಕ್ರಮ ಇಲ್ಲ. ಹದಿನೆಂಟು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ರೋಸೂ ಇಲ್ಲ, ನೋಡುವವರೂ ಇಲ್ಲ ಎಂದು ನಾಲ್ಕು ಸಾಲು ಹೇಳಿದೆ. ಅವಳು ಗಿಟಾರು ತಂದು ಆ ರಾಗವನ್ನು ಹಿಡಿದಳು, ಸ್ವಲ್ಪ ಬಗ್ಗಿಸಿದಳು, ನಡುವೆ ತನ್ನ ಊರಿನ ತಾಳ ಹಾಕಿದಳು. ಎಂಟು ದಿನ ಅದೇ ಕೆಲಸ. ಒಂಬತ್ತನೇ ದಿನ ಪೂರ್ತಿ ಹಾಡಿ, ಅರ್ಥ ಹೇಳಿದಳು.

ಮಾಂಯ್ ಈರುಳ್ಳಿ ಹೆಚ್ಚಿ ಅತ್ತಳು,
ಹುಂಜಕ್ಕೆ ಸೌಖ್ಯವಿಲ್ಲ ಎಂದಳು.
ಬೀದಿಯೇ, ನಾಳೆ ನಿನ್ನನ್ನು ಎಬ್ಬಿಸುವುದು ಯಾರು?
ನಾನಂತೂ ಈ ಊರಿನವಳಲ್ಲ.

ಕೊನೆಗೆ ಎತ್ತರದ ಸ್ವರದಲ್ಲಿ ಹುಂಜದ ಕೂಗು.

"ಇದನ್ನೇ ಹಾಡುವುದು, ಫೆಬ್ರವರಿಗೆ," ಎಂದಳು. "ಹತ್ತು ಹಾಡಿನ ಡಿಸ್ಕು ಮಾಡಿದವಳು ನಾನು. ಇದು ಹನ್ನೊಂದನೆಯದು. ಇದೇ ಒಳ್ಳೆಯದು."

ಹಾಡು ಚೆನ್ನಾಗಿತ್ತು.

ಆಗಸ್ಟಿನಲ್ಲಿ ಕೆಲಸ ಶುರುವಾಯಿತು. ಲಿಯೋ ಅವಳನ್ನು ವಾರದಲ್ಲಿ ಎರಡು ದಿನ ಅಬುಧಾಬಿಯ ಇನ್ನೊಂದು ಹೋಟೆಲಿಗೂ ಹಾಕಿದ. ವ್ಯಾನಿನಲ್ಲಿ ಹೋಗಿ ಬರುವುದು. ಸೆಪ್ಟೆಂಬರಿನಲ್ಲಿ ಕ್ಯಾಲೆಂಡರಿನ ಚುಕ್ಕೆ ಇಲ್ಲದ ದಿನ ನಾಲ್ಕು. ಅಕ್ಟೋಬರಿನಲ್ಲಿ ಒಂದೂ ಇಲ್ಲ. ಹಲಗೆಯ ಆಚೆಯಿಂದ ಕೆಮ್ಮು ಕೇಳುತ್ತಿತ್ತು. ಅವಳು ದಿಂಬು ಬಾಯಿಗಿಟ್ಟು ಕೆಮ್ಮುತ್ತಿದ್ದಳು.

ಪ್ಯಾಟ್ರಿಶಿಯಾ ನರ್ಸು. ಆದರೆ ಜುಸಾರಾ ಏಳುವಾಗ ಅವಳು ಮನೆಯಲ್ಲಿಲ್ಲ, ಅವಳು ಬರುವಾಗ ಇವಳು ಹೊರಟಾಗಿರುತ್ತಿತ್ತು. ಒಟ್ಟಿಗೆ ಸಿಗುವುದು ಶುಕ್ರವಾರ ಪೂಜೆ ಮುಗಿಸಿ ಬಂದ ಮೇಲೆ ಅರ್ಧ ಗಂಟೆ. ಆ ಅರ್ಧ ಗಂಟೆ ಜುಸಾರಾ ಮಾತು ಕಡಿಮೆ ಮಾಡಿ ನಗುತ್ತ ಇರುತ್ತಿದ್ದಳು. ನವೆಂಬರ್ ಇಪ್ಪತ್ತೆಂಟರಂದು ಪ್ಯಾಟ್ರಿಶಿಯಾ ನನ್ನನ್ನು ಕೇಳಿಯೇ ಬಿಟ್ಟಳು.

"ಮಾಂಯ್, ಅವಳ ಸ್ವರ ಎಂತ ಹಾಗೆ? ಹರಿದ ಬಟ್ಟೆಯ ಹಾಗೆ ಕೇಳ್ತದೆ."

ಜುಸಾರಾ ಪ್ಯಾಟ್ರಿಶಿಯಾಳ ಬೆನ್ನ ಹಿಂದೆ ನಿಂತಿದ್ದಳು. ಮಾತು ಅರ್ಥವಾಗದಿದ್ದರೂ ವಿಷಯ ಅವಳಿಗೆ ಗೊತ್ತಾಯಿತು. ನನ್ನನ್ನು ನೋಡಿ ಎರಡು ಕೈ ಜೋಡಿಸಿದಳು. ಲಿಯೋಗೆ ತಿಳಿದರೆ ಖಲಾಸ್. ಆನ್ಸೆಲ್ಮ್‌ಗೆ ತಿಳಿದರೆ ಹೋಟೆಲಿಗೆ ತಿಳಿದ ಹಾಗೆ. ಇನ್ನು ಹನ್ನೊಂದು ಶುಕ್ರವಾರ ಮಾತ್ರ.

"ಶೀತ," ಎಂದೆ.

"ಶೀತ ಅಂದ್ರೆ ಎಷ್ಟು ದಿನ? ನನ್ನ ಆಸ್ಪತ್ರೆಗೆ ಬರ್ಲಿಕ್ಕೆ ಹೇಳಿ. ಇ.ಎನ್.ಟಿ. ಡಾಕ್ಟರು ಗುರ್ತದವರು."

"ಹೇಳ್ತೇನೆ."

ಹೇಳಲಿಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಮಾಡುವಾಗ ಜುಸಾರಾ ನೆವ್ರಿ ಕಡುಬಿಗೆ ಅಂಚು ಮಡಚುತ್ತ ನನ್ನ ಪಕ್ಕ ಕುಳಿತಿದ್ದಳು. ಹಾಡು ಪಿಸುಮಾತಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಸ್ವರ ಉಳಿಸುವುದಕ್ಕೆ ಎಂದಳು. ಕೊನೆಯ ಕೂಗು ಮಾತ್ರ ಹಾಡುತ್ತಿರಲಿಲ್ಲ. ಅದರ ಬದಲು ಕೈ ಮೇಲೆತ್ತಿ ತೋರಿಸುತ್ತಿದ್ದಳು. "ಒಂದೇ ಒಂದು ಉಂಟು ನನ್ನ ಹತ್ತಿರ. ಅದನ್ನು ಆ ದಿನಕ್ಕೆ ಇಟ್ಟಿದ್ದೇನೆ," ಎಂದಳು.

2015ರ ಫೆಬ್ರವರಿ ಹದಿಮೂರು, ಶುಕ್ರವಾರ. ಆನ್ಸೆಲ್ಮ್ ಆ ಊಟದ ಕ್ಯಾಪ್ಟನ್. ನನ್ನನ್ನು ಹಿಂದಿನ ಲಿಫ್ಟಿನಲ್ಲಿ ಕರೆದುಕೊಂಡು ಹೋಗಿ, ಟ್ರೇಗಳು ಹೊರಗೆ ಹೋಗುವ ಬಾ‌ಗಿಲಿನ ಹತ್ತಿರ ಕುರ್ಚಿ ಹಾಕಿ ಕೊಟ್ಟ. "ಮಾಂಯ್, ಇಲ್ಲಿಂದ ಅಲ್ಲಾಡ್ಬೇಡಿ. ಮ್ಯಾನೇಜರ್ ಕಂಡ್ರೆ ನಾನು ನಿಮ್ಮ ಮಗ ಅಲ್ಲ," ಎಂದ. ಸಭೆಯಲ್ಲಿ ಇನ್ನೂರು ಜನ ಇರಬೇಕು. ಬಣ್ಣದ ಗರಿ, ಮುಖವಾಡ, ಮಧ್ಯಾಹ್ನ ಎರಡಕ್ಕೇ ಕುಡಿದ ನಗು. ಜುಸಾರಾ ಹಳದಿ ಅಂಗಿ ಹಾಕಿದ್ದಳು. ಪಟ್ಟಿಯ ಹಾಡು ಆರು ಆಯಿತು. ಸ್ವರ ದಪ್ಪವಾಗಿತ್ತು, ಆದರೆ ನಡೆಯಿತು. ಆಮೇಲೆ ಮೈಕಿನಲ್ಲಿ ಏನೋ ಹೇಳಿ, ನಾನಿದ್ದ ಬಾಗಿಲಿನ ಕಡೆ ಕೈ ತೋರಿಸಿದಳು. ಅದರಲ್ಲಿ "ಮಾಂಯ್" ಎಂಬುದು ಮಾತ್ರ ನನಗೆ ತಿಳಿಯಿತು.

ಗಿಟಾರಿನಿಂದ ನನ್ನ ವೊವಿಯ ರಾಗ ಹೊರಟಿತು. ಈರುಳ್ಳಿಯ ಸಾಲು ಬಂತು, ಹುಂಜದ ಸಾಲು ಬಂತು. ಜನ ಚಪ್ಪಾಳೆಯಲ್ಲಿ ತಾಳ ಹಾಕಿದರು. ಬೀದಿಯೇ, ನಿನ್ನನ್ನು ಎಬ್ಬಿಸುವುದು ಯಾರು? ನಾನಂತೂ ಈ ಊರಿನವಳಲ್ಲ. ಆಮೇಲೆ ಅವಳು ತಲೆ ಎತ್ತಿ, ಕುತ್ತಿಗೆ ಚಾಚಿ, ಇಟ್ಟುಕೊಂಡಿದ್ದ ಆ ಒಂದು ಕೂಗನ್ನು ಹಾಕಿದಳು.

ಬಟ್ಟೆ ಹರಿದಂಥ ಸದ್ದು ಬಂತು. ಅಲ್ಲಿಗೇ ನಿಂತಿತು.

ಜನ ನಕ್ಕರು. ಸೌಖ್ಯವಿಲ್ಲದ ಹುಂಜ ಎಂದಿದ್ದಳಲ್ಲ, ಹುಂಜ ಹಾಗೆ ಕೂಗಿತು ಎಂದುಕೊಂಡರು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಎಂದು ಬೊಬ್ಬೆ ಹಾಕಿದರು. ಅವಳು ಇನ್ನೊಮ್ಮೆ ತಲೆ ಎತ್ತಿದಳು. ಬಾಯಿ ತೆರೆದಿತ್ತು, ಕುತ್ತಿಗೆಯ ನರ ಎದ್ದಿತ್ತು, ಸದ್ದು ಇರಲಿಲ್ಲ. ಜನ ಇನ್ನೂ ಜೋರಾಗಿ ನಕ್ಕರು. ಒಬ್ಬನು ಮೇಜಿನ ಮೇಲೆ ಹತ್ತಿ ಅವಳಿಗಾಗಿ ತಾನೇ ಕೂಗಿದ.

ಅವಳು ನಗುತ್ತ ಬಗ್ಗಿ ನಮಸ್ಕಾರ ಮಾಡಿದಳು. ನನ್ನ ಬಾಗಿಲಿಗೆ ಬಂದು, ಬಾಯಿಗೆ ಇಟ್ಟುಕೊಂಡ ಕೈಬಟ್ಟೆ ತೋರಿಸಿದಳು. ರಕ್ತ ಇತ್ತು. ಹಿಂದಿನಿಂದ ಬಂದ ಲಿಯೋ ಆನ್ಸೆಲ್ಮ್‌ನ ಬೆನ್ನು ತಟ್ಟಿದ. "ಆ ಕೊನೆಯ ಕಟ್ ಉಂಟಲ್ಲ, ಅದೇ ಹಿಟ್ ಮಾರಾಯಾ! ಮುಂದಿನ ಶುಕ್ರವಾರವೂ ಹಾಗೇ ಮಾಡ್ಲಿಕ್ಕೆ ಹೇಳು."

ಆ ಕೂಗಿನ ಮೇಲೆ ಅವಳ ಬಾಯಿಂದ ಹಾಡು ಬರಲಿಲ್ಲ.

ಆದಿತ್ಯವಾರ ಪ್ಯಾಟ್ರಿಶಿಯಾ ಅವಳನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಬುಧವಾರ, ನಾವು ಹಣೆಗೆ ಬೂದಿ ಹಾಕಿಸಿಕೊಂಡು ಬಂದ ದಿನ, ಫಲಿತಾಂಶ ಬಂತು. ಗಂಟಲ ಪೆಟ್ಟಿಗೆ ಪೂರ್ತಿ ತೆಗೆಯಬೇಕು. ಮೊದಲೇ ಬಂದಿದ್ದರೆ, ಒಂದು ಎಂಟು ಹತ್ತು ತಿಂಗಳ ಹಿಂದೆ, ಬರೇ ಕಿರಣ ಕೊಟ್ಟು ಸ್ವರ ಉಳಿಸಬಹುದಿತ್ತು ಎಂದರಂತೆ. ಪ್ಯಾಟ್ರಿಶಿಯಾ ಅಡುಗೆಮನೆಯಲ್ಲಿ ನಿಂತು ಇದನ್ನು ಹೇಳುವಾಗ ನನ್ನ ಎದುರು ಹಳೆಯ ಕ್ಯಾಲೆಂಡರು ಇತ್ತು. ಮಾರ್ಚ್ ಹನ್ನೊಂದರಿಂದ ಎಣಿಸಿದರೆ ಹನ್ನೊಂದು ತಿಂಗಳು ಏಳು ದಿನ.

"ನೀವು ಶೀತ ಅಂದ್ರಲ್ಲ ಮಾಂಯ್," ಎಂದಳು ಪ್ಯಾಟ್ರಿಶಿಯಾ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ ಹತ್ತೊಂಬತ್ತಕ್ಕೆ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಲಿಯೋ ಒಮ್ಮೆ ಹೂವು ಕಳಿಸಿದ. ಮುಂದಿನ ವಾರ ವೀಸಾ ರದ್ದು ಮಾಡುವ ಕಾಗದ ಕಳಿಸಿದ. ಅವಳ ಜಾಗಕ್ಕೆ ಬಂದ ಹುಡುಗಿ ಅದೇ ಸಮುದ್ರದಂಡೆಯ ಹಾಡು ಹಾಡುತ್ತಾಳೆ ಎಂದು ಆನ್ಸೆಲ್ಮ್ ಹೇಳಿದ. ಊರಿನಿಂದ ಜುಸಾರಾಳ ಅಕ್ಕ ಬಂದಳು, ಕರೆದುಕೊಂಡು ಹೋಗಲು. ಅಲ್ಲಿ ಹೋದ ಮೇಲೆ ಜುಸಾರಾ ಬದುಕಿದ್ದು ಏಳು ತಿಂಗಳು. ರೋಗ ಶ್ವಾಸಕೋಶಕ್ಕೆ ಇಳಿದಿತ್ತಂತೆ. ಸುದ್ದಿ ನಮಗೆ ನವೆಂಬರಿನಲ್ಲಿ ಬಂತು, ಅಕ್ಕನ ಫೋನಿನಿಂದ. ಆ ದಿನ ಇಗರ್ಜಿಯಲ್ಲಿ ಅವಳ ಹೆಸರಿನಲ್ಲಿ ಒಂದು ಪೂಜೆ ಬರೆಸಿದೆ. ಬರೆದುಕೊಳ್ಳುವವನು, "ನಿಮಗೆ ಏನಾಗ್ಬೇಕು?" ಎಂದು ಕೇಳಿದ. "ಮನೆಯವಳು," ಎಂದೆ.

ಅವಳನ್ನು ಕೊನೆಗೆ ನೋಡಿದ್ದು 2015ರ ಏಪ್ರಿಲ್ ಹದಿನೇಳು, ಶುಕ್ರವಾರ. ಎರಡು ದಿನದಲ್ಲಿ ಅವಳ ವಿಮಾನ. ನಾನು, ಪ್ಯಾಟ್ರಿಶಿಯಾ, ಜೋಯ್ಲಿನ್ ಆ ಆಸ್ಪತ್ರೆಗೆ ಹೋಗಿದ್ದೆವು. ತಲೆದಿಂಬಿಗೆ ಒರಗಿ ಕುಳಿತಿದ್ದಳು, ಬಹಳ ಇಳಿದಿದ್ದಳು. ಕುತ್ತಿಗೆಯ ನಡುವೆ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಉಸಿರು ಅಲ್ಲಿಂದಲೇ ಬಂದು ಹೋಗುತ್ತಿತ್ತು, ಬಟ್ಟೆ ಅಲ್ಲಾಡುತ್ತಿತ್ತು. ಮಾತು ಹೇಳಬೇಕಾದರೆ ಜೋಯ್ಲಿನ್‌ಳ ಆಟದ ಸ್ಲೇಟು. ಅದರಲ್ಲಿ ಬರೆದು, ಪಟ್ಟಿ ಎಳೆದರೆ ಅಳಿಸಿ ಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು, ಜೋಯ್ಲಿನ್ ನಮಗೆ ಓದಿ ಹೇಳುತ್ತಿದ್ದಳು. ಗಿಟಾರನ್ನು ಜೋಯ್ಲಿನ್‌ಗೆ ಕೊಡುತ್ತೇನೆ ಎಂದು ಬರೆದಳು. ಉಗುರು ಕತ್ತರಿಸಿಕೋ, ತಂತಿಗೆ ತಾಗುತ್ತದೆ ಎಂದು ಬರೆದಳು.

ನಾನು ಆ ಬಟ್ಟೆಯನ್ನೇ ನೋಡುತ್ತಿದ್ದೆ. ಪ್ಯಾಟ್ರಿಶಿಯಾ ಮೆಲ್ಲಗೆ ಕೊಂಕಣಿಯಲ್ಲಿ, "ಮಾಂಯ್, ಗಳೊ ನೋಡ್ಬೇಡಿ, ಮುಖ ನೋಡಿ," ಎಂದಳು.

ಜುಸಾರಾ ತಲೆ ತಿರುಗಿಸಿದಳು. ಬೆರಳು ಎತ್ತಿ ಪ್ಯಾಟ್ರಿಶಿಯಾಗೆ ಸನ್ನೆ ಮಾಡಿದಳು, ಇನ್ನೊಮ್ಮೆ ಹೇಳು ಎಂದು.

"ಯಾವುದು? ಗಳೊ?" ಪ್ಯಾಟ್ರಿಶಿಯಾ ತನ್ನ ಗಂಟಲಿನ ಮೇಲೆ ಕೈ ಇಟ್ಟು ತೋರಿಸಿದಳು. "ಗಳೊ. ಇದು."

"ನೋ ಮಮ್ಮಿ! ಗಾಲೊ ಈಸ್ ರೂಸ್ಟರ್," ಎಂದಳು ಜೋಯ್ಲಿನ್.

"ಅವರ ಭಾಷೆಯಲ್ಲಿ ಹುಂಜ ಇರ್ಬಹುದು. ನಮ್ಮಲ್ಲಿ ಗಂಟಲೇ."

ಜುಸಾರಾ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ, ತಪ್ಪಿಸಲು ಜಾಗ ಇರಲಿಲ್ಲ. ಆಮೇಲೆ ಪ್ಯಾಟ್ರಿಶಿಯಾಳ ಕಡೆ ತಿರುಗಿ ಸ್ಲೇಟಿನಲ್ಲಿ ಒಂದು ಸಾಲು ಬರೆದಳು. ಪ್ಯಾಟ್ರಿಶಿಯಾ ಓದಿ, "ಮಾವ? ಅವರಿಗೂ ಗಂಟಲ ಕ್ಯಾನ್ಸರೇ ಅಲ್ವಾ. ಮಾಂಯ್ ನಿನಗೆ ಹೇಳ್ಲಿಲ್ವಾ?" ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟದ್ದು ನನಗೆ ಅಷ್ಟು ಮಟ್ಟಿಗೆ ತಿಳಿಯಿತು.

ಜುಸಾರಾ ಪಟ್ಟಿ ಎಳೆದು ಅಳಿಸಿದಳು. ಕೆಲವು ಶಬ್ದ ಬರೆದು, ಈ ಸಲ ಸ್ಲೇಟನ್ನು ಜೋಯ್ಲಿನ್‌ಗೆ ಕೊಟ್ಟು, ನನ್ನ ಕಡೆ ತೋರಿಸಿದಳು. ತುಟಿ ಮಾತ್ರ ಅಲ್ಲಾಡಿತು, "ಮಾಂಯ್" ಎಂದು.

ಜೋಯ್ಲಿನ್ ಒಂದೊಂದೇ ಶಬ್ದ ಕೂಡಿಸಿ ಓದಿದಳು.

"ಗ್ರ್ಯಾನಿ, ಜುಸಾರಾ ಆಂಟಿ ಕೇಳ್ತಿದ್ದಾಳೆ. ಆ ದಿನ ನೀನು ಅತ್ತದ್ದು ಈರುಳ್ಳಿಗಾ?"